ಭೋಗ್ಯದ ದುಡ್ಡಲ್ಲಿ ಮಹಡಿ ಏರಿಸಬೇಡಿ

ಬೆಂಗಳೂರಿನ ಅತ್ತಿಗುಪ್ಪೆ, ಮೂಡಲಪಾಳ್ಯದ ಅಡ್ಡರಸ್ತೆಗಳಲ್ಲಿ ಗೇಟಿಗೆ ತೂಗುಹಾಕಿದ ಬೋರ್ಡುಗಳನ್ನು ಓದುತ್ತಾ ನಡೆದರೆ ‘ಮನೆ ಬಾಡಿಗೆಗಿದೆ’ ಎಂಬುದರ ಜೊತೆಗೇ ‘ಭೋಗ್ಯಕ್ಕಿದೆ’ ಎಂಬುದೂ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಮನೆ ಕಟ್ಟಿಸಿ ಬಾಡಿಗೆದಾರರನ್ನು ಹುಡುಕುವವರು ನನ್ನನ್ನು ಹೆಚ್ಚಾಗಿ ಕೇಳುವುದು, ಇಡುಗಂಟು ಪಡೆದು ತಿಂಗಳ ಬಾಡಿಗೆಯಿಲ್ಲದೆ ಮನೆ ಕೊಡುವ ಈ ಎರಡನೆಯದರ ಬಗ್ಗೆ. ಸಾಧ್ಯವಾದಷ್ಟೂ ಅದರ ತಂಟೆಗೆ ಹೋಗಬೇಡಿ ಎನ್ನುತ್ತೇನೆ.

ಆಸೆ ಹೇಗೆ ಹುಟ್ಟುತ್ತದೆಂದು ಬಲ್ಲೆ. 30x40 ಸೈಟಿನಲ್ಲಿ ಕೆಳಮನೆ ಎದ್ದಿರುತ್ತದೆ, ಕೈಯಲ್ಲಿದ್ದ ದುಡ್ಡು ಕರಗಿರುತ್ತದೆ. ಕೆಂಗೇರಿ ಸುತ್ತಿನ ರೆವಿನ್ಯೂ ಸೈಟು, ಬಿ ಖಾತೆ ಎಂದರೆ ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕುತ್ತವೆ. ಆಗ ಕೆಳಮನೆಯನ್ನು ಭೋಗ್ಯಕ್ಕೆ ಕೊಟ್ಟು, ಬಂದ ಇಡುಗಂಟಿನಲ್ಲಿ ಮೊದಲ ಮಹಡಿ. ಅದನ್ನೂ ಭೋಗ್ಯಕ್ಕೆ ಕೊಟ್ಟು ಎರಡನೆಯದು. ಮೆಟ್ರೊ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂದ ಮೇಲೆ ಈ ಕಡೆ ಕಟ್ಟಿಸುವ ಹುರುಪು ಇನ್ನೂ ಹೆಚ್ಚಿದೆ.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 12,000 ಬಾಡಿಗೆ ಬರುವ ಮನೆಯನ್ನು 10 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿರಿ ಎನ್ನೋಣ. ವರ್ಷಕ್ಕೆ ನೀವು ಬಿಟ್ಟುಕೊಟ್ಟ ಬಾಡಿಗೆ 1,44,000. ಅಂದರೆ ಶೇ. 14.4ರ ಬಡ್ಡಿಗೆ ಸಾಲ ತಂದಂತೆ. ಬ್ಯಾಂಕಿನ ಗೃಹಸಾಲ ಇದಕ್ಕಿಂತ ಎಷ್ಟೋ ಅಗ್ಗ. ಅದರ ಮೇಲೆ, ಗೃಹಸಾಲದಲ್ಲಿ ಅಸಲು ಕಂತಿನ ಜೊತೆ ಸ್ವಲ್ಪ ಸ್ವಲ್ಪವೇ ತೀರುತ್ತದೆ. ಭೋಗ್ಯದ 10 ಲಕ್ಷವನ್ನು ಎರಡೋ ಮೂರೋ ವರ್ಷದ ಕೊನೆಗೆ ಒಂದೇ ಬಾರಿಗೆ ಎಣಿಸಿಕೊಡಬೇಕು. ಆ ಹಣ ಅಷ್ಟರಲ್ಲಿ ಸಿಮೆಂಟು, ಕಂಬಿಯಾಗಿ ಹೋಗಿರುತ್ತದೆ. ಹೊಸ ಭೋಗ್ಯದಾರ ಸಿಕ್ಕಿದರಷ್ಟೇ ಹಳಬರಿಗೆ ಹಣ. ಸಿಗದ ವರ್ಷ ನಡೆಯುವ ಜಗಳ ನೋಡಿದವರಿಗೆ ಗೊತ್ತು: ಎದುರಿಗೆ ನಿಂತಿರುವವರದು ಮಗಳ ಮದುವೆಗೆಂದು ಕೂಡಿಟ್ಟ ಹಣ, ಊರಿನ ಜಮೀನು ಮಾರಿ ತಂದ ಹಣ.

ಕಾನೂನು ಇದನ್ನು ಬಾಡಿಗೆಯೆಂದು ಕಾಣುವುದಿಲ್ಲ. ಹಣ ಪಡೆದು, ಬಡ್ಡಿಯ ಬದಲು ಮನೆಯ ಅನುಭೋಗ ಬಿಟ್ಟುಕೊಡುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಅಡಮಾನ; ಮೊತ್ತ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೋಂದಣಿ ಆಗಲೇಬೇಕು. ಶುಲ್ಕ ಉಳಿಸಲೆಂದು ಛಾಪಾ ಕಾಗದದಲ್ಲಿ 11 ತಿಂಗಳ ಬಾಡಿಗೆ ಕರಾರು ಬರೆದು ಮುಗಿಸುತ್ತಾರೆ. ಹಾಗೆ ಮಾಡಿದರೆ ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಇಬ್ಬರ ಕೈಯಲ್ಲೂ ಗಟ್ಟಿ ದಾಖಲೆ ಇರುವುದಿಲ್ಲ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದೂ ಅದನ್ನು ಮುಚ್ಚಿಟ್ಟು ಭೋಗ್ಯಕ್ಕೆ ಕೊಡುವುದಂತೂ ಶುದ್ಧ ಅನ್ಯಾಯ. ಕಂತು ತಪ್ಪಿ ಬ್ಯಾಂಕು ಜಪ್ತಿಗೆ ಬಂದರೆ ಬೀದಿಗೆ ಬೀಳುವುದು ಒಳಗಿರುವ ಸಂಸಾರ.

ರಾಜಾಜಿನಗರದಂಥ ಹಳೆಯ ಬಡಾವಣೆಯಲ್ಲಿ ಇನ್ನೊಂದು ತೊಡಕು. ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ, ವಿಭಾಗಪತ್ರವೂ ಆಗಿಲ್ಲ. ಅಲ್ಲಿ ವಾಸವಿರುವ ಮಗ ಒಬ್ಬನೇ ಸಹಿ ಹಾಕಿ ಭೋಗ್ಯದ ಹಣ ಪಡೆಯುತ್ತಾನೆ. ಅಕ್ಕತಂಗಿಯರ ಸಹಿ ಇಲ್ಲದೆ ಮುಂದುವರಿಯಬೇಡಿ.

ಅನಿವಾರ್ಯವಾಗಿ ಭೋಗ್ಯದ ಹಣ ತೆಗೆದುಕೊಂಡಿರೋ, ನೋಂದಣಿ ಮಾಡಿಸಿ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಕನಿಷ್ಠ ಅರ್ಧವನ್ನಾದರೂ ನಿಶ್ಚಿತ ಠೇವಣಿಯಲ್ಲಿಟ್ಟು ಮರೆತುಬಿಡಿ. ಇ-ಖಾತೆಯನ್ನೂ ಹೊಸ ಋಣಭಾರ ಪ್ರಮಾಣಪತ್ರವನ್ನೂ (ಇಸಿ) ಬಂದವರು ಕೇಳುವ ಮೊದಲೇ ತೋರಿಸಿ. ಮನೆಗೊಂದು ಪ್ರತ್ಯೇಕ ಕರೆಂಟ್ ಮೀಟರ್ ಇರಲಿ, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಾಡಿಗೆದಾರರು ಮೊದಲು ವಿಚಾರಿಸುವುದೇ ಅದನ್ನು. ಅವಧಿ ಮೇ ತಿಂಗಳಲ್ಲಿ ಮುಗಿಯುವಂತೆ ಬರೆಸಿ. ಶಾಲೆ ಶುರುವಾಗುವ ಮುಂಚಿನ ಆ ವಾರಗಳಲ್ಲಿ ವಿಜಯನಗರ, ಬಸವೇಶ್ವರನಗರದಲ್ಲಿ ಮನೆ ಹುಡುಕುವ ಸಂಸಾರಗಳು ಹೆಚ್ಚು. ಹಳಬರ ಹಣ ಹಿಂತಿರುಗಿಸಿ, ಮನೆಯನ್ನು ತಿಂಗಳ ಬಾಡಿಗೆಗೆ ತಿರುಗಿಸಿಕೊಳ್ಳಲು ಅದೇ ಸರಿಯಾದ ಸಮಯ.