ಹಾಡದೆಯೂ ಬಿಸಿಯಾಗುವ ಐಸಿ

ಆಕಾಶವಾಣಿ ಭದ್ರಾವತಿಯ 103.5 ಎಫ್‌ಎಂ ಅನ್ನು ಕೈಯಾರೆ ಜೋಡಿಸಿದ ಆಂಪ್‌ನಲ್ಲಿ ಕೇಳುವ ಸುಖವೇ ಬೇರೆ. ಸ್ವಲ್ಪ ಹೊತ್ತು ಹಾಡಿದ ಆಂಪ್ ಗಪ್ಪೆಂದು ನಿಂತು, ತಣಿದ ಮೇಲೆ ತಾನಾಗಿಯೇ ಮತ್ತೆ ದನಿಯೆತ್ತಿದರೆ ಐಸಿ ಮಿತಿಮೀರಿ ಕಾದಿದೆಯೆಂಬ ಅನುಮಾನ ಮೊದಲು ಬರಬೇಕು. ಆಗ ಹೆಚ್ಚಿನವರು ಫ್ಯಾನ್ ಕೂರಿಸುತ್ತಾರೆ, ಇಲ್ಲವೇ ಹೊಸ ಐಸಿ ತರುತ್ತಾರೆ. ಎರಡೂ ಅವಸರದ ಮದ್ದು.

ಹಾಡುವಾಗ ಮಾತ್ರ ಬಿಸಿಯೋ, ಸುಮ್ಮನಿದ್ದಾಗಲೂ ಬಿಸಿಯೋ? ಮೊದಲು ಇದು ಗೊತ್ತಾಗಬೇಕು.

ಹವ್ಯಾಸಿಗಳ ಹಳೆಯ ನೆಂಟ, ಐದು ಕಾಲಿನ ಟಿಡಿಎ2030 ಅನ್ನೇ ನೋಡೋಣ. ಹಾಡಿಲ್ಲದಾಗ ಅದು ಎಳೆಯುವುದು ಸುಮಾರು 40 ಮಿಲಿಆಂಪ್. ಪ್ಲಸ್ 14, ಮೈನಸ್ 14 ವೋಲ್ಟ್ ಕೊಟ್ಟರೆ ಒಂದು ವ್ಯಾಟ್‌ಗಿಂತ ತುಸು ಹೆಚ್ಚು ಶಾಖ. ಹೀಟ್‌ಸಿಂಕ್ ಮುಟ್ಟಿದರೆ ಉಗುರುಬೆಚ್ಚಗಿರಬೇಕು, ಅಷ್ಟೆ. ಸಪ್ಲೈ ತಂತಿಯ ನಡುವೆ ಇಟ್ಟ ಮಲ್ಟಿಮೀಟರ್ 300 ಮಿಲಿಆಂಪ್ ತೋರಿಸಿದರೆ, ಐಸಿ ಕಿವಿಗೆ ಕೇಳದ ಕಂಪನಾಂಕದಲ್ಲಿ ತನ್ನಷ್ಟಕ್ಕೆ ಕಿರುಚುತ್ತಿರುವ ಸಾಧ್ಯತೆ ಹೆಚ್ಚು. ಔಟ್‌ಪುಟ್‌ನಲ್ಲಿ ಇರಬೇಕಾದ 1 ಓಮ್ ರೆಸಿಸ್ಟರ್ ಮತ್ತು 0.22 ಮೈಕ್ರೊಫ್ಯಾರಡ್ ಕೆಪಾಸಿಟರ್ ಜೋಡಿ ಇದೆಯೇ, ಸಪ್ಲೈ ಕಾಲುಗಳ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗಳಿವೆಯೇ ನೋಡಬೇಕು. ಸದ್ದು ಜಾಸ್ತಿಯಾಯಿತೆಂದು ಗೇನನ್ನು 24 ಡೆಸಿಬೆಲ್‌ಗಿಂತ ಕೆಳಗಿಳಿಸುವ ಜಾಣರೂ ಇದ್ದಾರೆ. ಅದು ಬೇಡವೆಂದು ಡೇಟಾಶೀಟ್ ಹೇಳುತ್ತದೆ, ಆದರೆ ಅದನ್ನು ಓದುವವರು ಯಾರು!

(ಭದ್ರಾವತಿಯವರಿಗೆ ಇನ್ನೊಂದು ಮಾತು: ಟ್ರಾನ್ಸ್‌ಮಿಟರ್ ಹತ್ತಿರವಿದ್ದರೆ ಶೀಲ್ಡ್ ಇಲ್ಲದ ಉದ್ದನೆಯ ಇನ್‌ಪುಟ್ ತಂತಿ 675 ಕಿಲೊಹರ್ಟ್ಸ್‌ನ ಕಾರ್ಯಕ್ರಮವನ್ನು ಕರೆಯದೆಯೇ ಒಳಗೆ ತಂದೀತು. ಅದಕ್ಕೆ ಐಸಿಯನ್ನು ಬೈಯಬಾರದು.)

ಹಾಡುವಾಗ ಮಾತ್ರ ಬಿಸಿಯಾದರೆ ಲೆಕ್ಕ ಹಾಕುವುದೇ ದಾರಿ. ಅದೇ ವೋಲ್ಟೇಜ್, 4 ಓಮ್ ಸ್ಪೀಕರ್ ಇದ್ದಾಗ ಐಸಿಯೊಳಗೆ ಗರಿಷ್ಠ ಸುಮಾರು 10 ವ್ಯಾಟ್ ಶಾಖ ಹುಟ್ಟುತ್ತದೆ. ಅದು ಚಿಪ್‌ನಿಂದ ಲೋಹದ ಬೆನ್ನಿಗೆ ಬರಲು 30 ಡಿಗ್ರಿ, ಮೈಕಾ ಮತ್ತು ಪೇಸ್ಟ್ ದಾಟಲು ಅಂದಾಜು 10, ಸಾಧಾರಣ ಹೀಟ್‌ಸಿಂಕ್‌ನಿಂದ ಗಾಳಿಗೆ ಸೇರಲು 40, ಒಟ್ಟು 80. ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನದ 37 ಡಿಗ್ರಿ ಕೂಡಿಸಿದರೆ 117. ಐಸಿ ತಾನೇ ಬಾಯಿ ಮುಚ್ಚುವುದು 150ರ ಆಸುಪಾಸಿನಲ್ಲಿ. ಗಣೇಶನ ಪೆಂಡಾಲಿಗೆಂದು ಇನ್ನೊಂದು 4 ಓಮ್ ಸ್ಪೀಕರನ್ನು ಪ್ಯಾರಲಲ್ ಆಗಿ ಜೋಡಿಸಿದಿರೋ, ಲೋಡ್ 2 ಓಮ್‌ಗೆ ಇಳಿದು ಶಾಖ ದುಪ್ಪಟ್ಟಾಗುತ್ತದೆ. ಆಗ ಫ್ಯಾನ್ ಒಂದೇ ಏನು ಮಾಡೀತು?

ಟ್ರಾನ್ಸ್‌ಫಾರ್ಮರ್ ಕೂಡ ಕಳ್ಳನಾಗಬಹುದು. 15-0-15 ಟ್ರಾನ್ಸ್‌ಫಾರ್ಮರ್ ಡಯೋಡ್ ದಾಟಿದ ಮೇಲೆ ಎರಡೂ ಬದಿ 20 ವೋಲ್ಟ್‌ ಮೀರಿ ಕೊಡುತ್ತದೆ. ಟಿಡಿಎ2030ರ ಮಿತಿ 18.

ಕೊನೆಯದಾಗಿ ಮೈಕಾ. ಈ ಐಸಿಯ ಲೋಹದ ಬೆನ್ನು ಮೂರನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಮೈಕಾ ಹಾಳೆ, ಬೋಲ್ಟಿಗೆ ಪ್ಲಾಸ್ಟಿಕ್ ಬುಶ್ ಎರಡನ್ನೂ ಹಾಕಿ, ಕರೆಂಟ್ ಕೊಡುವ ಮೊದಲು ಐಸಿಯ ಬೆನ್ನಿಗೂ ಹೀಟ್‌ಸಿಂಕ್‌ಗೂ ಮಲ್ಟಿಮೀಟರ್ ಹಿಡಿದು ನೋಡಿ. ಬೀಪ್ ಬಂದರೆ ಸ್ವಿಚ್ ಹಾಕಲೇಬೇಡಿ.