ಕೂಡಿದಷ್ಟೂ ಕಳೆಯುವ ಲೆಕ್ಕ

ತಲೆಗೆ ಪೆಟ್ಟು ಬಿದ್ದವರನ್ನು ಕ್ಯಾಷುವಾಲ್ಟಿಗೆ ತಂದರೆ ಕೇಸ್ ಶೀಟಿನಲ್ಲಿ ಮೊದಲು ಬೀಳುವ ಸಾಲುಗಳಲ್ಲೊಂದು ‘ಜಿಸಿಎಸ್ 9/15’ ಎಂಬಂಥದ್ದು. ನ್ಯೂರೋಸರ್ಜರಿಯವರಿಗೆ ಫೋನ್ ಮಾಡಿದರೆ ಅತ್ತಲಿಂದ ಬರುವ ಮೊದಲ ಪ್ರಶ್ನೆಯೂ ಅದೇ: ಜಿಸಿಎಸ್ ಎಷ್ಟು? ಯಂತ್ರ ಬೇಡದ, ಕಾಸು ಖರ್ಚಾಗದ, ಎರಡು ನಿಮಿಷದಲ್ಲಿ ಮುಗಿಯುವ ಈ ಗ್ಲ್ಯಾಸ್ಗೋ ಕೋಮಾ ಸ್ಕೇಲ್‌ನಷ್ಟು ಉಪಕಾರಿಯಾದ ಪರೀಕ್ಷೆ ತಲೆಪೆಟ್ಟಿನ ಚಿಕಿತ್ಸೆಯಲ್ಲಿ ಅಪರೂಪ. ಆದರೆ ಅದನ್ನು ಬಳಸುವ ಮತ್ತು ಕಲಿಸುವ ರೂಢಿ ಮಾತ್ರ ಅದರ ಸತ್ವವನ್ನೇ ಸೋರಿಸುತ್ತಿದೆ.

1974ರಲ್ಲಿ ಗ್ಲ್ಯಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಮುಂದಿಟ್ಟರು. ಅಲ್ಲಿಯವರೆಗೆ ಪ್ರಜ್ಞೆಯ ಸ್ಥಿತಿಯನ್ನು ಬರೆಯಲು ಸ್ಟೂಪರ್, ಸೆಮಿಕೋಮಾ ಎಂಬಂಥ ಪದಗಳಿದ್ದವು. ಒಬ್ಬ ವೈದ್ಯರ ಸ್ಟೂಪರ್ ಇನ್ನೊಬ್ಬರ ಸೆಮಿಕೋಮಾ ಆಗುತ್ತಿತ್ತು. ರಾತ್ರಿ ಪಾಳಿಯವರು ಬರೆದಿಟ್ಟದ್ದನ್ನು ಓದಿ ರೋಗಿ ಸುಧಾರಿಸಿದನೋ ಕುಸಿದನೋ ಎಂದು ಬೆಳಗಿನವರು ಹೇಳುವಂತಿರಲಿಲ್ಲ. ಟೀಸ್‌ಡೇಲ್ ಮತ್ತು ಜೆನೆಟ್ ಅರ್ಥ ಹಚ್ಚುವ ಕೆಲಸವನ್ನು ಬದಿಗಿಟ್ಟು, ಕಂಡದ್ದನ್ನು ಬರೆಯಿರಿ ಎಂದರು. ಕಣ್ಣು ತೆರೆಯುತ್ತಾನೆಯೇ, ಮಾತಾಡುತ್ತಾನೆಯೇ, ಕೈಕಾಲು ಆಡಿಸುತ್ತಾನೆಯೇ: ಇಷ್ಟೇ. ನರ್ಸ್, ಹೌಸ್ ಸರ್ಜನ್, ಪ್ರೊಫೆಸರ್ ಮೂವರೂ ನೋಡಿ ಒಂದೇ ಉತ್ತರ ಬರೆಯಬಹುದಾದ ಪಟ್ಟಿ ಅದು. ಅದರ ದೊಡ್ಡ ಗುಣ ಇದೇ.

ಅಂಕಗಳನ್ನು ಕೂಡಿಸುವ ಪದ್ಧತಿ ಆಮೇಲೆ ಬಂತು. ಕಣ್ಣಿಗೆ (ಇ) 4, ಮಾತಿಗೆ (ವಿ) 5, ಚಲನೆಗೆ (ಎಂ) 6, ಒಟ್ಟು 15. ತೊಡಕು ಶುರುವಾದದ್ದು ಇಲ್ಲಿಂದಲೇ. ಮೂರು ಭಾಗಗಳ ಅಂಕಗಳನ್ನು ಲೆಕ್ಕದ ಮಟ್ಟಿಗೆ 120 ರೀತಿಯಲ್ಲಿ ಜೋಡಿಸಬಹುದು. ಕೂಡಿಸಿದರೆ ಉಳಿಯುವುದು 3ರಿಂದ 15ರವರೆಗಿನ 13 ಸಂಖ್ಯೆಗಳು ಮಾತ್ರ. 2003ರಲ್ಲಿ ಅಮೆರಿಕದ ಗಾಯಾಳುಗಳ ದೊಡ್ಡ ದಾಖಲೆಯೊಂದನ್ನು ಜಾಲಾಡಿದಾಗ ಇದರ ಬೆಲೆ ಏನೆಂದು ಕಂಡಿತು. ಮೊತ್ತ 4 ಇದ್ದವರಲ್ಲಿ, ಚಲನೆಗೆ 2 ಬಂದು ಉಳಿದೆರಡಕ್ಕೆ ಒಂದೊಂದೇ ಬಂದಿದ್ದರೆ ಸಾವಿನ ಪ್ರಮಾಣ ಶೇ. 48. ಮಾತಿಗೆ 2 ಬಂದಿದ್ದರೆ ಶೇ. 27. ಕಣ್ಣಿಗೆ 2 ಬಂದಿದ್ದರೆ ಶೇ. 19. ಇವರೆಲ್ಲರ ಕೇಸ್ ಶೀಟಿನಲ್ಲೂ ‘4/15’ ಎಂದೇ ಇರುತ್ತದೆ. ಹದಿನೈದಕ್ಕೆ ಇಷ್ಟು ಎಂದು ಪರೀಕ್ಷೆಯ ಮಾರ್ಕ್ಸಿನಂತೆ ಬರೆಯುವ ಅಭ್ಯಾಸ ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತದೆ: ಏನೂ ಪ್ರತಿಕ್ರಿಯೆ ಇಲ್ಲದವನಿಗೂ 3 ಅಂಕ ಸಿಗುತ್ತದೆ, ಸೊನ್ನೆ ಎಂಬುದೇ ಇಲ್ಲ.

ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಚಲನೆಯ ಭಾಗದಲ್ಲಿ, ಅಂದರೆ ‘ಎಂ’ನಲ್ಲಿ. ಮೂರರಲ್ಲಿ ಹೆಚ್ಚು ಸುದ್ದಿ ಕೊಡುವುದೂ ಅದೇ. ಹುಬ್ಬಿನ ಕೆಳಗಿನ ಮೂಳೆಯ ಕಚ್ಚಿನಲ್ಲಿ ಹೆಬ್ಬೆರಳಿಟ್ಟು ಒತ್ತಿದಾಗ ರೋಗಿಯ ಕೈ ಕೊರಳೆಲುಬನ್ನು ದಾಟಿ ಮೇಲಕ್ಕೆ ಬಂದರೆ ಎಂ 5, ನೋವಿನ ಜಾಗ ಅವನಿಗೆ ಗೊತ್ತಾಗುತ್ತಿದೆ. ಬೆರಳ ತುದಿಯನ್ನು ಪೆನ್ನಿನಿಂದ ಒತ್ತಿದಾಗ ತೋಳು ಚಟ್ಟನೆ ಮಡಚಿ ಮೈಯಿಂದ ದೂರ ಸರಿದರೆ 4. ಅದೇ ತೋಳು ನಿಧಾನವಾಗಿ ಎದೆಯ ಮೇಲೆ ಅಡ್ಡ ಬಂದು, ಮುಂಗೈ ತಿರುಚಿ, ಹೆಬ್ಬೆರಳು ಮುಷ್ಟಿಯೊಳಗೆ ಸೇರಿ, ಕಾಲು ಸೆಟೆದರೆ 3. ಮೊಳಕೈ ನೇರವಾಗಿ ಸೆಟೆದರೆ 2. ನಾಲ್ಕಕ್ಕೂ ಮೂರಕ್ಕೂ ಲೆಕ್ಕದಲ್ಲಿ ಒಂದೇ ಅಂಕದ ವ್ಯತ್ಯಾಸ, ಮಿದುಳಿನ ಸ್ಥಿತಿಯಲ್ಲಿ ಅದು ಭಾರಿ ಕುಸಿತ. ಈ ಎರಡನ್ನು ಬೇರ್ಪಡಿಸಲು ಪುಸ್ತಕದ ಕೋಷ್ಟಕ ಸಾಲದು, ಹಾಸಿಗೆಯ ಪಕ್ಕ ಯಾರಾದರೂ ತೋರಿಸಿಕೊಡಬೇಕು. ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜುವ ಹಳೆಯ ಚಟವನ್ನು ಸ್ಕೇಲಿನ ಕರ್ತೃಗಳೇ ಒಪ್ಪುವುದಿಲ್ಲ. ಚರ್ಮ ಕಂದುತ್ತದೆ, ಉತ್ತರವೂ ಅಸ್ಪಷ್ಟ.

ಮಾತಿನ ಭಾಗಕ್ಕೆ ಬೇರೆಯದೇ ಕಷ್ಟ. ಗಂಟಲಿಗೆ ಟ್ಯೂಬ್ ಹಾಕಿದವನಿಗೆ 1 ಎಂದು ಬರೆಯುವುದು ಸುಳ್ಳು. ಕಣ್ಣು ಊದಿ ಮುಚ್ಚಿದವನಿಗೆ 1 ಹಾಕುವುದೂ ಹಾಗೆಯೇ. ಅಂಥ ಕಡೆ ‘ಪರೀಕ್ಷಿಸಲಾಗದು’ ಎಂದೇ ಬರೆಯಬೇಕೆಂದು 2014ರ ಪರಿಷ್ಕರಣೆ ಸ್ಪಷ್ಟಪಡಿಸಿದೆ. ಭಾಷೆಯ ತೊಡಕು ನಮ್ಮ ಊರುಗಳಿಗಂತೂ ಹತ್ತಿರದ್ದು. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಮೇಲಿನಿಂದ ಬಿದ್ದ ಬಂಗಾಳಿ ಕಾರ್ಮಿಕನನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ‘ಇದು ಯಾವ ತಿಂಗಳು’ ಎಂದು ಕೇಳಿ, ಉತ್ತರ ಬರಲಿಲ್ಲವೆಂದು ‘ಗೊಂದಲದಲ್ಲಿದ್ದಾನೆ’ ಎಂದು ಬರೆದರೆ, ಗೊಂದಲ ಯಾರದು? ಕುಡಿದು ಬಿದ್ದವನದು ಇದರ ತಿರುಗುಮುರುಗು. ಅಂಕ ಇಳಿದದ್ದಕ್ಕೆ ಮದ್ಯವೇ ಕಾರಣ ಎಂದು ಕೈಬಿಟ್ಟರೆ, ಕಪಾಲದೊಳಗೆ ಕಟ್ಟುತ್ತಿರುವ ರಕ್ತ ಕಣ್ತಪ್ಪುತ್ತದೆ.

‘ಎಂಟಕ್ಕಿಂತ ಕಡಿಮೆಯಾದರೆ ಟ್ಯೂಬ್ ಹಾಕು’ ಎಂಬ ಉರುಹೊಡೆದ ಸೂತ್ರವೂ ಮೊತ್ತದ ಕೂಸೇ. ಉಸಿರುದಾರಿ ಸುರಕ್ಷಿತವೇ, ಸ್ಥಿತಿ ಎತ್ತ ಸಾಗುತ್ತಿದೆ ಎಂಬುದನ್ನು ನೋಡಿ ನಿರ್ಧರಿಸಬೇಕೇ ಹೊರತು ಸಂಖ್ಯೆಯೊಂದನ್ನೇ ನೆಚ್ಚುವಂತಿಲ್ಲ. ಕಪಾಲದ ಮೂಳೆ ಒಡೆದು ಮಿಡ್ಲ್ ಮೆನಿಂಜಿಯಲ್ ಧಮನಿ ಹರಿದವನು ಬಂದಾಗ ಎಚ್ಚರವಾಗಿಯೇ ಮಾತಾಡುತ್ತಿರಬಹುದು. ರಕ್ತದ ಗಡ್ಡೆ ಬೆಳೆದಂತೆ ಕೆಲವೇ ಗಂಟೆಗಳಲ್ಲಿ ಕೋಮಾಕ್ಕೆ ಜಾರುತ್ತಾನೆ. ಅವನನ್ನು ಉಳಿಸುವುದು ಮೊದಲ ಅಂಕ ಅಲ್ಲ, ಎರಡನೆಯ, ಮೂರನೆಯ ಅಂಕಗಳು. ಅಂಕ 15ಕ್ಕೆ ಬರುವವರೆಗೂ ಅರ್ಧ ಗಂಟೆಗೊಮ್ಮೆ ನೋಡಿ, ಮೂರು ಭಾಗಗಳನ್ನೂ ಬಿಡಿಬಿಡಿಯಾಗಿ ದಾಖಲಿಸಿ, ಚಲನೆಯ ಅಂಕ ಇಳಿದರೆ ಹೆಚ್ಚು ತೂಕ ಕೊಡಿ ಎಂದು ಬ್ರಿಟನ್ನಿನ ನೈಸ್ ಮಾರ್ಗಸೂಚಿ ಹೇಳುವುದು ಇದಕ್ಕೇ.

ಪರ್ಯಾಯಗಳೂ ಬಂದಿವೆ. 2005ರಲ್ಲಿ ಮೇಯೋ ಕ್ಲಿನಿಕ್ಕಿನಿಂದ ಬಂದ ‘ಫೋರ್ ಸ್ಕೋರ್’ ಮಾತನ್ನು ಕೈಬಿಟ್ಟು, ಮಿದುಳಕಾಂಡದ ಪ್ರತಿಕ್ರಿಯೆಗಳನ್ನೂ ಉಸಿರಾಟದ ಲಯವನ್ನೂ ಸೇರಿಸಿಕೊಂಡಿತು. ಐಸಿಯುವಿನಲ್ಲಿ ಟ್ಯೂಬ್ ಹಾಕಿದವರಿಗೆ ಇದು ಮೇಲು, ಆದರೆ ಆಂಬುಲೆನ್ಸಿನವರಿಂದ ಹಿಡಿದು ತಾಲ್ಲೂಕು ಆಸ್ಪತ್ರೆಯವರೆಗೆ ಎಲ್ಲರ ಬಾಯಲ್ಲೂ ಇರುವುದು ಜಿಸಿಎಸ್ಸೇ. 2018ರಲ್ಲಿ ಟೀಸ್‌ಡೇಲ್ ಮತ್ತು ಸಂಗಡಿಗರು ಬೆಳಕಿಗೆ ಸ್ಪಂದಿಸದ ಒಂದೊಂದು ಕಣ್ಣಿನ ಪಾಪೆಗೂ ಒಂದೊಂದು ಅಂಕ ಕಳೆಯುವ ‘ಜಿಸಿಎಸ್-ಪಿ’ ರೂಪಿಸಿದರು. ಹಿಗ್ಗಿದ ಪಾಪೆಯ ಮಹತ್ವ ನಿಜ. ಮಿದುಳು ಕೆಳಕ್ಕೆ ಜಾರಿ ಮೂರನೆಯ ಕಪಾಲನರವನ್ನು ಅಮುಕುತ್ತಿರುವುದರ ಸುಳಿವು ಅದು, ತಡಮಾಡುವಂತಿಲ್ಲ. ಫಲಿತಾಂಶದ ಅಂದಾಜಿಗೆ, ಸಂಶೋಧನೆಗೆ ಈ ಹೊಸ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹಾಸಿಗೆಯ ಬಳಿ ಮಾತ್ರ ಅದು ಹಳೆಯ ರೋಗದ್ದೇ ಇನ್ನೊಂದು ಡೋಸ್: ಯಾವ ಕಡೆಯ ಪಾಪೆ ಹಿಗ್ಗಿದೆ ಎಂಬುದು ಕಳೆದ ಲೆಕ್ಕದೊಳಗೆ ಹೂತುಹೋಗುತ್ತದೆ.

ಹಾಗಾಗಿ ಸ್ಕೇಲನ್ನು ಕೈಬಿಡಬೇಕಿಲ್ಲ, ಮೊತ್ತವನ್ನು ಬಿಟ್ಟರೆ ಸಾಕು. ಕೇಸ್ ಶೀಟಿನಲ್ಲಿ ‘ಇ2 ವಿ2 ಎಂ5, ಬಲಪಾಪೆ ದೊಡ್ಡದು, ಬೆಳಕಿಗೆ ನಿಧಾನ, ರಾತ್ರಿ 2.30’ ಎಂದು ಬರೆಯಲು ಹತ್ತು ಸೆಕೆಂಡ್ ಹೆಚ್ಚು ಹಿಡಿದೀತು. ರೌಂಡ್ಸಿನಲ್ಲಿ ಪ್ರೊಫೆಸರರು ‘ಜಿಸಿಎಸ್ ಎಷ್ಟು’ ಎನ್ನುವ ಬದಲು ‘ಒತ್ತಿದಾಗ ಕೈ ಎಲ್ಲಿಗೆ ಬಂತು’ ಎಂದು ಕೇಳತೊಡಗಿದರೆ ಪಿ.ಜಿ.ಗಳು ಕೂಡಿಸುವುದನ್ನು ಬಿಟ್ಟು ನೋಡುವುದನ್ನು ಕಲಿಯುತ್ತಾರೆ.