ಉಪ್ಪೆದ್ದ ಗೋಡೆ, ಸಿಮೆಂಟಿನ ಮುಸುಕು

ಬಸವನಗುಡಿಯ ನಮ್ಮ ಚಿಕ್ಕಪ್ಪನ ಮನೆಯ ಕಾರ್ ಶೆಡ್ಡಿನಲ್ಲಿ ಗೋಡೆಗೆ ಒರಗಿ ನಿಂತರೆ ಅಂಗಿಗೆ ಕೆಂಪು ಹಿಟ್ಟು ಮೆತ್ತಿಕೊಳ್ಳುತ್ತಿತ್ತು. 1940ರ ದಶಕದ ಕಟ್ಟಡ. ಒಂಬತ್ತಿಂಚಿನ ಗೋಡೆ, ಸುಣ್ಣದ ಗಾರೆಯಲ್ಲಿ ಕೂರಿಸಿದ ಇಟ್ಟಿಗೆ. ನೆಲದಿಂದ ಮೂರಡಿ ಎತ್ತರದವರೆಗೆ ಇಟ್ಟಿಗೆಯ ಮೈ ಪದರ ಪದರವಾಗಿ ಉದುರುತ್ತಿತ್ತು. ಒಬ್ಬ ಕಂಟ್ರಾಕ್ಟರು ಬಂದು ನೋಡಿ, ಎರಡೇ ದಿನದಲ್ಲಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ ಹೋದರು. ಗೋಡೆ ಹೊಸದರಂತೆ ಹೊಳೆಯಿತು, ಮನೆಯವರಿಗೆಲ್ಲ ಸಮಾಧಾನ.

ಮೂರನೇ ಮಳೆಗಾಲಕ್ಕೆ ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ನಾನೇ ಉಳಿ ಇಟ್ಟು ಒಂದು ಹಕ್ಕಳೆ ಎಬ್ಬಿಸಿದೆ. ಪ್ಲಾಸ್ಟರು ಒಂದೇ ಬರಲಿಲ್ಲ. ಅದರ ಬೆನ್ನಿಗೆ ಇಟ್ಟಿಗೆಯ ಮುಖವೇ ಕಚ್ಚಿಕೊಂಡು ಬಂತು, ಅರ್ಧ ಇಂಚು ದಪ್ಪ. ಒಳಗೆ ಹಿಂಜಿದ ಹತ್ತಿಯಂಥ ಬಿಳಿ ಉಪ್ಪು. ಎಂಟು ದಶಕ ನಿಂತ ಇಟ್ಟಿಗೆಯನ್ನು ಮೂರು ವರ್ಷದಲ್ಲಿ ಕಳಕೊಂಡೆವಲ್ಲ ಎಂದು ಹೊಟ್ಟೆ ಉರಿಯಿತು.

ಹಳೇ ಗೋಡೆ ಉದುರಿದರೆ ಸಿಮೆಂಟ್ ಮೆತ್ತುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ನನ್ನ ಮಟ್ಟಿಗೆ ಅದು ರಿಪೇರಿಯೇ ಅಲ್ಲ. ಇಂಥ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಇರುವುದು ಅಪರೂಪ. ನೆಲದ ನೀರು ಉಪ್ಪನ್ನು ಕರಗಿಸಿಕೊಂಡು ಇಟ್ಟಿಗೆಯೊಳಗೆ ಏರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟುತ್ತದೆ. ಸೋಡಿಯಂ ಸಲ್ಫೇಟಿನಂಥ ಲವಣ ನೀರು ಹಿಡಿದಾಗ ಮೂರು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಆ ಒತ್ತಡಕ್ಕೆ ಇಟ್ಟಿಗೆಯ ಮೈ ಒಡೆಯುತ್ತದೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು, ಉಸಿರಾಡುವಂಥದ್ದು. ತೇವ ಸಂದುಗಳ ಮೂಲಕವೇ ಹೊರಬಿದ್ದು ಉಪ್ಪು ಅಲ್ಲೇ ಕೂರುತ್ತದೆ. ಉದುರಿದರೆ ಗಾರೆ ಉದುರುತ್ತದೆ, ಇಟ್ಟಿಗೆ ಉಳಿಯುತ್ತದೆ. ಸಿಮೆಂಟು ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ತಾನು ಗಟ್ಟಿಯಾಗಿ ನಿಂತು, ತೇವವನ್ನು ಒಳಗೇ ಕೂಡಿಹಾಕಿ, ಪೆಟ್ಟನ್ನೆಲ್ಲ ಇಟ್ಟಿಗೆಯ ಮೇಲೆ ಹೊರಿಸುತ್ತದೆ. ದಾರಿ ಸಿಗದ ನೀರು ಇನ್ನೂ ಮೇಲೇರುತ್ತದೆ. ನಮ್ಮ ಶೆಡ್ಡಿನಲ್ಲಿ ಮೂರಡಿಗಿದ್ದ ತೇವದ ಗೆರೆ ಐದಡಿ ಮುಟ್ಟಿತ್ತು.

ಸಿಮೆಂಟಿನ ಮೇಲೆ ನನಗೆ ಹಗೆಯಿಲ್ಲ. ಸಿಮೆಂಟಿನಲ್ಲೇ ಕಟ್ಟಿದ ಕಾಂಕ್ರೀಟ್ ಬ್ಲಾಕ್ ಗೋಡೆಗೆ ಅದೇ ಸರಿ. ಹಾಗೆಯೇ ಸುಣ್ಣದ ಹೆಸರಲ್ಲಿ ಈಗ ನಡೆಯುತ್ತಿರುವುದನ್ನೆಲ್ಲ ನಾನು ಒಪ್ಪುವುದೂ ಇಲ್ಲ. ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿದರೆ ಗೋಡೆ ವಜ್ರವಾಗುತ್ತದೆಂದು ಹೇಳುವವರಿದ್ದಾರೆ. ಅವು ನಿಜಕ್ಕೂ ನಮ್ಮ ಗಾರೆಯವರು ಬಳಸುತ್ತಿದ್ದ ವಸ್ತುಗಳೇ. ಆದರೆ ನೀರಿನ ಮೂಲ ಹುಡುಕದೆ ಏನು ಬೆರೆಸಿದರೂ ಗಾರೆ ಮತ್ತೆ ಉದುರುತ್ತದೆ. ಸುಣ್ಣಕ್ಕೆ ಗುಟ್ಟಾಗಿ ಸಿಮೆಂಟ್ ಬೆರೆಸುವುದಂತೂ ಇನ್ನೂ ಕೆಟ್ಟದ್ದು. ಕಟ್ಟಡದ ಸುಣ್ಣಕ್ಕೆ ಐಎಸ್ 712 ಎಂಬ ಭಾರತೀಯ ಮಾನಕವೇ ಇದೆ, ಎ ಇಂದ ಎಫ್‌ವರೆಗೆ ಆರು ದರ್ಜೆ. ಯಾವ ದರ್ಜೆಯ ಸುಣ್ಣವೆಂದು ಅಂಗಡಿಯಲ್ಲಿ ಕೇಳುವವರು ಮಾತ್ರ ಕಾಣೆ.

ನಮ್ಮಲ್ಲಿ ನೀರಿನ ಮೂಲ ಕಣ್ಣೆದುರಿಗೇ ಇತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದೆ, ಮನೆ ತಗ್ಗಿಗೆ ಬಿದ್ದಿದೆ. ಅಂಗಳಕ್ಕೆ ಗೋಡೆಯವರೆಗೂ ಕಾಂಕ್ರೀಟು. ಶೆಡ್ಡಿನ ಒಳಗೆ ಮೊದಲು ಕಲ್ಲು ಚಪ್ಪಡಿಗಳಿದ್ದವು, ಅವುಗಳ ಸಂದಿನಲ್ಲಿ ನೆಲದ ತೇವ ಆರುತ್ತಿತ್ತು. ಅದನ್ನೂ ಕಾಂಕ್ರೀಟಿನಿಂದ ಮುಚ್ಚಿದ ಮೇಲೆ ತೇವಕ್ಕೆ ಗೋಡೆಯೊಂದೇ ದಾರಿ. ಸಾಲದ್ದಕ್ಕೆ ಕಾರು ತೊಳೆಯುತ್ತಿದ್ದುದೂ ಅಲ್ಲೇ.

ಈ ಸಲ ಕರೆಸಿದ್ದು ಸುಣ್ಣ ಗೊತ್ತಿದ್ದ ಹಳೇ ಮೇಸ್ತ್ರಿಯನ್ನು. ಅವರು ಮೊದಲು ಕರಣೆ ಮುಟ್ಟಲೇ ಇಲ್ಲ. ಹೊರಗೋಡೆಯ ಬುಡದಲ್ಲಿ ಒಂದಡಿ ಅಗಲಕ್ಕೆ ಕಾಂಕ್ರೀಟ್ ಕತ್ತರಿಸಿ ಜಲ್ಲಿ ತುಂಬಿಸಿದರು. ಒಳಗಿನ ಪ್ಲಾಸ್ಟರು ಕಿತ್ತು ಬೇಸಿಗೆಯಿಡೀ ಗೋಡೆ ಆರಲು ಬಿಟ್ಟರು. ಆಮೇಲೆ ಸಂದುಗಳನ್ನು ಒಂದಿಂಚು ಆಳಕ್ಕೆ ಕೆದಕಿ, ಸತ್ತ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು, ಕೆಡವಿದ ಮನೆಯೊಂದರ ಹಳೇ ಇಟ್ಟಿಗೆ ಕೂರಿಸಿದರು. ಪಕ್ಕಪಕ್ಕದ ಎರಡನ್ನು ಒಟ್ಟಿಗೆ ಬಿಚ್ಚಿದರೆ ಮೇಲಿನ ವರಸೆ ಕುಸಿಯುತ್ತದೆಂಬ ಎಚ್ಚರ ಅವರದು. ಗಾರೆಗೆ ಒಂದು ಪಾಲು ನೆನೆದ ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಸುರ್ಕಿ, ಅಂದರೆ ಇಟ್ಟಿಗೆಯ ಪುಡಿ. ಸಂದು ತುಂಬಿಸಿ, ತೆಳುವಾಗಿ ಗಾರೆ ಮಾಡಿ, ಎರಡು ವಾರ ಒದ್ದೆ ಗೋಣಿಚೀಲ ಇಳಿಬಿಟ್ಟು ಕಾಯ್ದರು. ಬಣ್ಣ ಸುಣ್ಣದ್ದೇ.

ಕೂಲಿ ಸಿಮೆಂಟಿನ ಎರಡು ಪಟ್ಟು ಆಯಿತು, ದಿನಗಳು ಅದಕ್ಕಿಂತ ಹೆಚ್ಚು. ಇಷ್ಟು ಕಾಯುವ ತಾಳ್ಮೆ ನಮಗಿಲ್ಲದ್ದರಿಂದಲೇ ಕಂಟ್ರಾಕ್ಟರುಗಳು ಸಿಮೆಂಟ್ ಹಿಡಿಯುತ್ತಾರೆ. ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವಂತಿಲ್ಲ.

ಈಗ ಎರಡು ಮಳೆಗಾಲ ಕಳೆದಿದೆ. ತೇವದ ಗೆರೆ ಒಂದಡಿಗೆ ಇಳಿದಿದೆ. ಬುಡದಲ್ಲಿ ಇನ್ನೂ ಸ್ವಲ್ಪ ಉಪ್ಪು ಏಳುತ್ತದೆ, ಚಿಕ್ಕಪ್ಪ ಒಣ ಪೊರಕೆಯಲ್ಲಿ ಗುಡಿಸಿ ಹಾಕುತ್ತಾರೆ. ಆ ಭಾಗದ ಗಾರೆಯನ್ನು ಕೆಲವು ವರ್ಷಕ್ಕೆ ಮತ್ತೆ ಮಾಡಬೇಕಾಗುತ್ತದೆಂದು ಮೇಸ್ತ್ರಿ ಮೊದಲೇ ಹೇಳಿದ್ದರು. ಅದಕ್ಕೆಂದೇ ಒಂದು ಬಕೆಟ್ ಸುಣ್ಣ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಶೆಡ್ಡಿನ ಮೂಲೆಯಲ್ಲಿ ಮುಚ್ಚಿಟ್ಟಿದ್ದೇವೆ.